ನಮ್ಮ ಚಾಂಪಿಯನ್ನರಿಗೆ ಹೊತ್ತ ಹರಕೆ

ಗಾಲ್ಫ್ ಮೈದಾನ ಅಂದರೆ ಹಸಿರು ಹುಲ್ಲು, ಬಿಳಿ ಚೆಂಡು, ಪಿಸುಮಾತು, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲಿ ಕೆಲಸ ಮಾಡಿದವನನ್ನು ಕೇಳಬೇಕು. ಅಲ್ಲಿನ ತಮಾಷೆಯೂ ಹುಲ್ಲಿನ ಜಾತಿಯದೇ. ಇವತ್ತು ಕತ್ತರಿಸಿ ಮನೆಗೆ ಹೋದರೆ ನಾಳೆ ಬೆಳಗ್ಗೆ ಮತ್ತೆ ಚಿಗುರಿರುತ್ತದೆ.

ನಾನು ಗಾಲ್ಫಿನವನಲ್ಲ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗೇಟಿನ ಉಸ್ತುವಾರಿ ನೋಡಿಕೊಂಡಿದ್ದವನು. ಒಳಗಿನಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ನನ್ನ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಕಾರ್ಖಾನೆ ಸೊರಗಿತು. ನಮ್ಮನ್ನೆಲ್ಲ 'ಸ್ವಯಂ ನಿವೃತ್ತಿ' ಅಂತ ಹೂವಿನ ಹಾರ ಹಾಕಿ ಕಳಿಸಿದರು. ಅದರಲ್ಲಿ 'ಸ್ವಯಂ' ಎಲ್ಲಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಹದೇವಪುರದ ಮನೆಯಲ್ಲಿ ಒಂದಷ್ಟು ದಿನ ಕೂತೆ. ನಾನು ತರಕಾರಿಯವನ ಚೀಲ ತಪಾಸಣೆ ಮಾಡುವುದನ್ನು ನೋಡಲಾರದೆ ನನ್ನ ಹೆಂಡತಿಯೇ ಅಲ್ಲಿ ಇಲ್ಲಿ ಹೇಳಿಸಿ, ವೈಟ್‌ಫೀಲ್ಡ್ ಆಚೆಯ ಹೊಸ ಗಾಲ್ಫ್ ಕ್ಲಬ್ಬಿನಲ್ಲಿ ಮೈದಾನದ ಸೂಪರ್‌ವೈಸರ್ ಕೆಲಸಕ್ಕೆ ಸೇರಿಸಿದಳು. ಆಗಲೇ ನನ್ನ ತಲೆಗೂದಲು ಪೂರ್ತಿ ನಿವೃತ್ತಿ ತೆಗೆದುಕೊಂಡಿತ್ತು. ಸರ್ವಿಸಿನಲ್ಲಿ ಉಳಿದಿದ್ದು ಮೀಸೆ ಒಂದೇ. ಅದನ್ನು ನಾನು ದಿನಾ ಎಣ್ಣೆ ಹಚ್ಚಿ, ತೀಡಿ, ಮಗುವಿನ ಹಾಗೆ ಸಾಕಿದ್ದೆ.

ಆ ಮೈದಾನದಲ್ಲಿ ಒಬ್ಬರು ಅಭ್ಯಾಸಕ್ಕೆ ಬರುತ್ತಿದ್ದರು. ಒಂದು ಕಾಲದಲ್ಲಿ ದೇಶವಿದೇಶಗಳಲ್ಲಿ ಆಡಿ ಗೆದ್ದವರು. ನಾವೆಲ್ಲ ಅವರನ್ನು ಚಾಂಪಿಯನ್ನರು ಅಂತಲೇ ಕರೆಯುತ್ತಿದ್ದೆವು. ನಾನು ಸೇರುವ ಹೊತ್ತಿಗೆ ಅವರಿಗೆ ಐವತ್ತು ಹತ್ತಿರ ಬಂದಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಈ ಆಟದಲ್ಲಿ ಒಂದು ಕಟುಕ ನಿಯಮವಿದೆ. ಎಷ್ಟೇ ದೊಡ್ಡ ಆಟಗಾರನಾಗಿರಲಿ, ವರ್ಷವಿಡೀ ತಕ್ಕಮಟ್ಟಿಗೆ ಆಡದಿದ್ದರೆ ಮುಂದಿನ ವರ್ಷ ದೊಡ್ಡ ಪಂದ್ಯಗಳಲ್ಲಿ ಆಡುವ ಹಕ್ಕೇ ಹೋಗುತ್ತದೆ. ಹಳೆಯ ಕಪ್ ತೋರಿಸಿದರೆ ಯಾರೂ ಒಳಗೆ ಬಿಡುವುದಿಲ್ಲ. ಪ್ರತಿ ವರ್ಷ ಕೊನೆಗೆ ಬಂದಾಗ ಇವರ ಹಕ್ಕು ಉಳಿಯುತ್ತದೋ ಹೋಗುತ್ತದೋ ಅಂತ ನಮಗೆಲ್ಲ ಲೆಕ್ಕ ಹಾಕುವುದೇ ಕೆಲಸ. ಕಾರ್ಖಾನೆಯಿಂದ ಕಳಿಸಿಕೊಂಡು ಬಂದ ನನಗಂತೂ ಆ ಲೆಕ್ಕ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ಯಾಗ್ ತೆಗೀರಿ

ಸೇರಿದ ಮೊದಲ ದಿನವೇ ಕ್ಲಬ್ಬಿನ ಕಾರ್ಯದರ್ಶಿ ನನ್ನನ್ನು ಕೂರಿಸಿಕೊಂಡು ಎಚ್ಚರಿಸಿದ್ದರು. "ಕಾಂಪೌಂಡ್ ಪಕ್ಕದ ಪೊದೆಗಳಿಗೆ ಹೊರಗಿನವರು ನುಗ್ಗಿ ಚೆಂಡು ಆರಿಸಿಕೊಂಡು ಹೋಗ್ತಾರೆ. ನಿಗಾ ಇಡಿ."

ಅವರ ಬಾಯಿಂದ ಮಾತು ಬೀಳುವುದೇ ತಡ, ನಾನು ಹೊರಟೆ. ನೋಡಿದರೆ ಕಾಂಪೌಂಡಿನ ಬೇವಿನ ಮರದ ಹತ್ತಿರ ಒಬ್ಬರು ಲಂಟಾನದ ಪೊದೆಯೊಳಗೆ ಅರ್ಧ ಮೈ ತೂರಿಸಿಕೊಂಡು ಹುಡುಕುತ್ತಿದ್ದಾರೆ. ಪ್ಯಾಂಟಿಗೆಲ್ಲ ಮುಳ್ಳು. ಪಕ್ಕದಲ್ಲಿ ಆಳುದ್ದದ ಬ್ಯಾಗು. ಕಾರ್ಖಾನೆಯಲ್ಲಿ ಅಂಥ ಬ್ಯಾಗಿನಲ್ಲಿ ತಾಮ್ರದ ತಂತಿ ಹೋಗಿದ್ದನ್ನು ನಾನೇ ಹಿಡಿದಿದ್ದೆ.

"ಯಾರ್ರೀ ಅದು? ಬ್ಯಾಗ್ ತೆಗೀರಿ" ಅಂದೆ.

ಆ ಮನುಷ್ಯ ಪೊದೆಯಿಂದ ಹೊರಬಂದು ನನ್ನ ಮೀಸೆ ನೋಡಿದರು. "ಸಾರ್, ನನ್ನ ಚೆಂಡು..." ಅಂತ ಶುರು ಮಾಡಿದರು.

"ಎಲ್ಲರೂ ಹಾಗೇ ಹೇಳೋದು. ಮೊದ್ಲು ಬ್ಯಾಗು."

ಬೇರೆ ಯಾರಾದರೂ ಆಗಿದ್ದರೆ 'ನಾನ್ಯಾರು ಗೊತ್ತಾ' ಅಂತ ಶುರು ಮಾಡುತ್ತಿದ್ದರು. ಇವರು ತೆಪ್ಪಗೆ ಬ್ಯಾಗು ಬಿಚ್ಚಿ ಒಂದೊಂದೇ ಸಾಮಾನು ಹುಲ್ಲಿನ ಮೇಲೆ ಜೋಡಿಸಿದರು. ಕೋಲುಗಳು, ಕಾಲುಚೀಲ, ಬಾಳೆಹಣ್ಣು, ಸೊಂಟದ ಮುಲಾಮು, ಚಿತ್ರಾನ್ನದ ಡಬ್ಬಿ. ನಾನು ಡಬ್ಬಿಯನ್ನೂ ತೆಗೆಸಿ ನೋಡಿದೆ. ತಪಾಸಣೆ ಅಂದಮೇಲೆ ಪೂರ್ತಿ ಮಾಡಬೇಕು. ಅಷ್ಟರಲ್ಲಿ ಅವರ ಜೊತೆ ಆಡುತ್ತಿದ್ದವರು ಓಡಿ ಬಂದರು. ಈ ಆಟದಲ್ಲಿ ಕಳೆದ ಚೆಂಡು ಹುಡುಕುವುದಕ್ಕೆ ಐದೇ ನಿಮಿಷ. ಆಮೇಲೆ ಸಿಕ್ಕರೂ ಸಿಗದಿದ್ದ ಹಾಗೇ ಲೆಕ್ಕ, ಮೇಲೆ ದಂಡ. ಆ ಐದು ನಿಮಿಷವನ್ನು ನನ್ನ ತಪಾಸಣೆಯೇ ನುಂಗಿತ್ತು. ಗೆಳೆಯರು "ಪರವಾಗಿಲ್ಲ, ಇನ್ನೊಂದು ಸಲ ಹುಡುಕಿ" ಅಂದರೂ ಇವರು ಒಪ್ಪಲಿಲ್ಲ. ಗಡಿಯಾರ ನೋಡಿಕೊಂಡು ತಾವೇ ದಂಡ ಹಾಕಿಕೊಂಡು ಹಿಂದಕ್ಕೆ ನಡೆದರು. ಆಮೇಲೆ ಗೊತ್ತಾಯಿತು, ಇವರೇ ಚಾಂಪಿಯನ್ನರು.

ನನ್ನ ಕೆಲಸ ಮೊದಲ ದಿನವೇ ಹೋಯಿತು ಅಂತ ಎಲ್ಲರೂ ಅಂದುಕೊಂಡರು. ನಾನು ಮಾತ್ರ ಕ್ಷಮೆ ಕೇಳಲಿಲ್ಲ. ಕರ್ತವ್ಯ ಕರ್ತವ್ಯವೇ. ಮಾರನೇ ದಿನ ಬೆಳಗ್ಗೆ ಅವರು ಕಾರಿನಿಂದ ಇಳಿದವರೇ ನೆಟ್ಟಗೆ ನನ್ನ ಹತ್ತಿರ ಬಂದು, ಬ್ಯಾಗನ್ನು ನನ್ನ ಕಾಲ ಬಳಿ ಇಟ್ಟು, ಜಿಪ್ಪು ಎಳೆದರು.

"ಬೇಗ ಚೆಕ್ ಮಾಡ್ಬಿಡಿ ಸಾರ್. ಇವತ್ತು ಆಟ ಇದೆ."

ಅವತ್ತಿನಿಂದ ವರ್ಷಗಟ್ಟಲೆ ದಿನಾ ಬೆಳಗ್ಗೆ ಇದೇ ಆಯಿತು. ನಾನೂ ಬಿಡಲಿಲ್ಲ, ದಿನಾ ಇಣುಕಿ ನೋಡುತ್ತಿದ್ದೆ. ಒಂದು ದಿನ ಚಿತ್ರಾನ್ನದ ಡಬ್ಬಿ ಎರಡಿದ್ದವು. ಒಂದರ ಮೇಲೆ ಚೀಟಿ ಅಂಟಿಸಿದ್ದರು: 'ತಪಾಸಣಾಧಿಕಾರಿಗಳಿಗೆ.'

ಸೊನ್ನೆಯ ಆಟ

ನನ್ನ ಹೆಂಡತಿಗೆ ಗಾಲ್ಫ್ ಅಂದರೇನು ಅಂತ ವಿವರಿಸಿದ ಸಂಜೆಯನ್ನು ಮರೆಯುವ ಹಾಗಿಲ್ಲ.

"ಹದಿನೆಂಟು ಗುಂಡಿ ಇರ್ತವೆ. ಚೆಂಡನ್ನ ಹೊಡ್ಕೊಂಡು ಹೋಗಿ ಒಂದೊಂದಾಗಿ ಎಲ್ಲ ಗುಂಡಿಗೂ ಹಾಕ್ಬೇಕು. ಯಾರು ಕಡಿಮೆ ಹೊಡೆತದಲ್ಲಿ ಮುಗಿಸ್ತಾರೋ ಅವರು ಗೆದ್ದಂಗೆ" ಅಂದೆ.

ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು. "ಕ್ರಿಕೆಟ್‌ನಲ್ಲಿ ಜಾಸ್ತಿ ಹೊಡೆದವರು ಗೆಲ್ಲೋದಲ್ವಾ?"

"ಇದ್ರಲ್ಲಿ ಉಲ್ಟಾ. ಕಡಿಮೆ ಹೊಡೆದಷ್ಟೂ ದೊಡ್ಡ ಆಟಗಾರ."

ಮತ್ತೆ ಕಾಯಿ ಬಿಡಿಸುತ್ತಾ ಅಂದಳು: "ಹಾಗಿದ್ರೆ ನಾನು ಇವತ್ತಿನವರೆಗೂ ಒಂದೂ ಹೊಡೆದಿಲ್ಲ ಕಣ್ರೀ. ನನಗಿಂತ ದೊಡ್ಡ ಚಾಂಪಿಯನ್ ಯಾರಿದ್ದಾರೆ?"

ಮುಂದೆ ಗೌರಿ ಹಬ್ಬಕ್ಕೆ ಚಾಂಪಿಯನ್ನರನ್ನು ಮನೆಗೆ ಊಟಕ್ಕೆ ಕರೆದೆ. ಬಂದರು. ನೆಲದ ಮೇಲೆ ಕೂರುವುದಕ್ಕೆ ಸೊಂಟ ಬಿಡದಿದ್ದರೂ ಗೋಡೆ ಹಿಡಿದುಕೊಂಡು ಕೂತೇ ಬಿಟ್ಟರು. ನನ್ನ ಹೆಂಡತಿ ಬಡಿಸುತ್ತಾ ಈ ಮಾತನ್ನು ಅವರ ಮುಂದೆಯೂ ಹೇಳಬೇಕೇ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೋಳಿಗೆ ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

"ಅಕ್ಕಾ, ಮೂವತ್ತು ವರ್ಷದಿಂದ ಆ ಸೊನ್ನೆ ಹತ್ರ ಹೋಗೋಕೆ ಒದ್ದಾಡ್ತಾ ಇದೀನಿ. ನೀವು ಅಡುಗೆಮನೇಲಿ ಕೂತೇ ತಲುಪ್ಬಿಟ್ಟಿದೀರಿ."

ಯಕ್ಕಾ, ತೆಲಿ!

ಮೈದಾನದ ಕಳೆ ಕೀಳುವುದಕ್ಕೆ ಯಾದಗಿರಿ ಕಡೆಯ ಹೆಣ್ಣುಮಕ್ಕಳಿದ್ದರು. ಊರಿನಿಂದ ಗುಂಪಾಗಿ ಬಂದು ಕ್ಲಬ್ಬಿನ ಹಿಂದಿನ ಹಳ್ಳಿಯಲ್ಲಿ ಸಣ್ಣ ಸಣ್ಣ ರೂಮು ಬಾಡಿಗೆಗೆ ಹಿಡಿದಿದ್ದರು. ಅವರ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ನಾನು ಸೂಪರ್‌ವೈಸರ್ ಅನ್ನುವುದು ಸಂಬಳದ ದಿನ ಮಾತ್ರ ನಿಜ. ಮಿಕ್ಕ ದಿನ ಮೈದಾನ ನಡೆಯುತ್ತಿದ್ದದ್ದು ದೊಡ್ಡಕ್ಕನ ಮಾತಿನ ಮೇಲೆ.

ಗಾಲ್ಫಿನಲ್ಲಿ ಚೆಂಡು ದಾರಿ ತಪ್ಪಿ ಜನರ ಕಡೆ ಹೋದರೆ ಹೊಡೆದವರು ಇಂಗ್ಲಿಷಿನಲ್ಲಿ ಒಂದು ಕೂಗು ಹಾಕಬೇಕು. ಸಾಹೇಬರುಗಳು ಹಾಕುತ್ತಲೇ ಇದ್ದರು, ನಮ್ಮ ಹೆಣ್ಣುಮಕ್ಕಳು ತಮ್ಮ ಪಾಡಿಗೆ ಕಳೆ ಕೀಳುತ್ತಲೇ ಇದ್ದರು. ಆ ಕೂಗು ತಮಗೆ ಅಂತ ಅವರಿಗೆ ಯಾರು ಹೇಳಿದ್ದರು?

ಒಂದು ಮಧ್ಯಾಹ್ನ ಅವರೆಲ್ಲ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಚಾಂಪಿಯನ್ನರು ಹೊಡೆದ ಚೆಂಡು ಗಾಳಿಗೆ ಸಿಕ್ಕಿ ಆ ಕಡೆ ತಿರುಗಿತು. ಅವರು ಪದ್ಧತಿಯಂತೆ ಕೂಗಿದರು. ಯಾರೂ ಅಲ್ಲಾಡಲಿಲ್ಲ. ಚೆಂಡು ನೆಟ್ಟಗೆ ದೊಡ್ಡಕ್ಕನ ಬುತ್ತಿಯೊಳಗೆ, ಜೋಳದ ರೊಟ್ಟಿಯನ್ನು ಮುರಿದುಕೊಂಡು, ಶೇಂಗಾ ಚಟ್ನಿಯಲ್ಲಿ ಹೂತುಕೊಂಡಿತು.

ಚಾಂಪಿಯನ್ನರು ಏದುಸಿರು ಬಿಡುತ್ತಾ ಓಡಿ ಬಂದರು. "ಅಕ್ಕಾ, ಯಾರಿಗೂ ಏಟಾಗ್ಲಿಲ್ಲ ತಾನೇ? ನಾನು ಕೂಗಿದ್ನಲ್ಲ!"

ದೊಡ್ಡಕ್ಕ ಸೊಂಟದ ಮೇಲೆ ಕೈ ಇಟ್ಟು ಎದ್ದು ನಿಂತಳು. "ಇಂಗ್ಲಿಷಿನ್ಯಾಗ ಒದರಿದ್ರ ನಮಗೇನ್ ತಿಳೀತೈತ್ರೀ ಸಾಹೇಬ್ರ? ಸಾಯೂದಾದ್ರೂ ತಿಳಿಯೂ ಭಾಷಾದಾಗ ಸಾಯ್ತೀವಿ."

"ಮತ್ತೆ ಹೇಗೆ ಕೂಗ್ಬೇಕಕ್ಕಾ?"

"ಯಕ್ಕಾ, ತೆಲಿ! ಅಂತ ಒದರ್ರಿ. ತೆಲಿ ಕಾಯ್ಕೋತೀವಿ."

ಅವತ್ತು ಅಲ್ಲೇ ನಿಲ್ಲಿಸಿಕೊಂಡು, ಗಂಟಲು ಬಿಟ್ಟು ಸರಿಯಾಗಿ ಒದರುವವರೆಗೂ ಅವಳು ಬಿಡಲಿಲ್ಲ. ಆಮೇಲೆ ಅವರು ಬುತ್ತಿಯ ಕಡೆ ನೋಡಿ, "ನಿಯಮದ ಪ್ರಕಾರ ಚೆಂಡು ಬಿದ್ದಲ್ಲಿಂದಲೇ ಹೊಡೀಬೇಕು, ಏನ್ ಮಾಡ್ಲಿ?" ಅಂದರು. ದೊಡ್ಡಕ್ಕ, "ಹೊಡಿಯೂದು ಆಮ್ಯಾಲ, ಮೊದ್ಲು ಕುಂತು ಉಣ್ರೀ" ಅಂತ ಇನ್ನೊಂದು ರೊಟ್ಟಿ ಕೈಗೆ ಕೊಟ್ಟಳು. ಚೆಂಡಿನ ಸುತ್ತಲಿನ ಚಟ್ನಿಯನ್ನು ಅವರು ಅಷ್ಟು ಚೊಕ್ಕಟವಾಗಿ ತಿಂದಿದ್ದನ್ನು ನಾನೇ ನೋಡಿದ್ದೇನೆ.

ಅಲ್ಲಿಂದ ಮುಂದೆ ಕ್ಲಬ್ಬಿಗೆ ಬರುವ ಐಟಿ ಕಂಪನಿಗಳ ದೊಡ್ಡ ದೊಡ್ಡ ಮ್ಯಾನೇಜರುಗಳಿಗೆಲ್ಲ ಚಾಂಪಿಯನ್ನರೇ ಈ ಕೂಗು ಕಲಿಸಿದರು. ಜಪಾನಿನವರೊಬ್ಬರು ತಲೆಬಾಗಿ ನಮಸ್ಕರಿಸಿ "ಯಕ್ಕಾ, ತೆಲಿ" ಅನ್ನುತ್ತಿದ್ದರು. ಅವರು ಕೂಗಿ, ನಮಸ್ಕರಿಸಿ ಮುಗಿಸುವಷ್ಟರಲ್ಲಿ ಚೆಂಡು ಬಿದ್ದು ಎಷ್ಟೋ ಹೊತ್ತಾಗಿರುತ್ತಿತ್ತು.

ಆ ವರ್ಷವೇ ಚಾಂಪಿಯನ್ನರು ವಿದೇಶದಲ್ಲಿ ಆಡುತ್ತಿದ್ದರು. ಕ್ಯಾಂಟೀನಿನ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು. ಹೆಣ್ಣುಮಕ್ಕಳಿಗೂ ಚಹಾ ಕೊಟ್ಟು ಕೂರಿಸಿದ್ದೆವು. ಒಂದು ಹೊಡೆತ ಪ್ರೇಕ್ಷಕರ ಕಡೆ ತಿರುಗಿತು. ಅಭ್ಯಾಸಬಲ! ಸೂಟು ಬೂಟಿನ ಬಿಳಿ ಜನರ ನಡುವೆ ಚಾಂಪಿಯನ್ನರು ಗಂಟಲು ಬಿಟ್ಟು ಕೂಗಿದರು: "ಯಕ್ಕಾ, ತೆಲಿ!"

ಅಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಇಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಅಷ್ಟೂ ಹೆಣ್ಣುಮಕ್ಕಳು ಚಹಾ ಚೆಲ್ಲಿಕೊಂಡು ಮೇಜಿನ ಕೆಳಗೆ ಹೋದರು.

ಟಿವಿಯವರು ಕೇಳಿದ ಪ್ರಶ್ನೆ

ಒಮ್ಮೆ ಟಿವಿಯವರು ಬಂದರು. ಮೈಕು ಹಿಡಿದ ಹುಡುಗಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾ ಬಂದಳು. "ಗೆದ್ದವರು ಬಹಳ ಜನ ಇದ್ದಾರೆ. ಆದರೆ ಜನ ಇವರನ್ನೇ ಯಾಕೆ ಇನ್ನೂ ಐಕಾನ್ ಅಂತಾರೆ?"

ಕಾರ್ಯದರ್ಶಿಯವರು ಟೈ ಸರಿಮಾಡಿಕೊಂಡು ಕಪ್‌ಗಳ ಪಟ್ಟಿ ಒಪ್ಪಿಸಿದರು. ಹುಡುಗಿ ಆಕಳಿಸಿದಳು.

ಗೇಟಿನ ಸೆಕ್ಯೂರಿಟಿ ಹತ್ತಿರದ ಹಳ್ಳಿಯವನು. "ಐಕಾನ್ ಗೀಕಾನ್ ನಂಗೊತ್ತಿಲ್ಲ ಮೇಡಂ. ಇವ್ರು ಕಾರಿನ್ ಗಾಜ್ ಇಳಿಸಿ ನಮಸ್ಕಾರ ಏಳ್ತಾರೆ. ಮಿಕ್ಕೋರ್ ಮುಖ ನಾನ್ ನೋಡೇ ಇಲ್ಲ. ಬರೀ ಗಾಜ್ ನೋಡಿವ್ನಿ" ಅಂದ.

ಕ್ಯಾಂಟೀನಿನ ಭಟ್ಟರು ಸೌಟು ಹಿಡಿದುಕೊಂಡೇ ಬಂದರು. "ನೋಡಿ ಮಾರಾಯ್ರೆ, ಆಟದಲ್ಲಿ ಸೋತವರೆಲ್ಲ ಬಂದು ಸಾಂಬಾರು ಸರಿ ಇಲ್ಲ ಅಂತಾರೆ. ಈ ಮನುಷ್ಯ ಸೋತ ದಿನವೂ ಇನ್ನೊಂದು ಸೌಟು ಹಾಕಿ ಅಂತಾರೆ. ಇಷ್ಟು ವರ್ಷದಲ್ಲಿ ಇವರ ಮುಖ ನೋಡಿ ಗೆದ್ದರೋ ಸೋತರೋ ನನಗೆ ಗೊತ್ತಾಗಿಲ್ಲ."

ದೊಡ್ಡಕ್ಕ ಮೈಕನ್ನು ಕೈಗೇ ತೆಗೆದುಕೊಂಡಳು. "ಕೋಲು ಬೀಸಿದಾಗ ಹುಲ್ಲು ಕಿತ್ತು ಬರ್ತೈತ್ರೀ. ಎಲ್ಲಾರೂ ಹಂಗ ಬಿಟ್ಟು ಹೋಗ್ತಾರ. ಇವ್ರು ಕಿತ್ತ ಹುಲ್ಲ ತಂದು, ಅಲ್ಲೇ ಇಟ್ಟು, ಕಾಲಿಲೆ ಒತ್ತಿ ಹೋಗ್ತಾರ. ಹರದಿದ್ದಕ್ಕ ತಾನ ಹೊಲಿಗಿ ಹಾಕೂ ಗಂಡಸರು ಎಷ್ಟ್ ಮಂದಿ ಅದಾರ ಹೇಳ್ರಿ?"

ಆಮೇಲೆ ನನ್ನ ಸರದಿ. ನಾನು ಕಾರ್ಖಾನೆಯಿಂದ ಶುರು ಮಾಡಿ, ಶಿಸ್ತು, ಸಮಯ ಪಾಲನೆ, ಬ್ಯಾಗ್ ತಪಾಸಣೆಯ ಮಹತ್ವ ಎಲ್ಲ ಸೇರಿಸಿ ಒಂದು ಒಳ್ಳೆಯ ಭಾಷಣವನ್ನೇ ಮಾಡಿದೆ. ಅಂದು ಸಂಜೆ ಮನೆಯ ಅಕ್ಕಪಕ್ಕದವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದೆ. ನಮ್ಮ ಯಾರ ಮಾತೂ ಬರಲಿಲ್ಲ. ಮೈದಾನಕ್ಕೆ ನುಗ್ಗಿದ ಹಳ್ಳಿಯ ಹಸುವಿನ ಹಿಂದೆ ನಾನು ಸೀಟಿ ಊದುತ್ತಾ ಓಡುವುದನ್ನು ತೋರಿಸಿ, ಹಿನ್ನೆಲೆಯಲ್ಲಿ ಆ ಹುಡುಗಿ "ಇಂಥ ಪ್ರಶಾಂತ ವಾತಾವರಣದಲ್ಲಿ" ಅಂದಳು. ಅಲ್ಲಿಗೆ ಮುಗಿಯಿತು.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ನನ್ನ ಹೆಂಡತಿಯೇ ಸಮಾಧಾನ ಮಾಡಿದಳು. "ಹಸು ತುಂಬಾ ಚೆನ್ನಾಗಿ ಬಂದಿದೆ ಕಣ್ರೀ."

ಹರಕೆ

ಇನ್ನು ಇದನ್ನು ಹೇಳದಿದ್ದರೆ ಅನ್ನ ಅರಗುವುದಿಲ್ಲ.

ಟಿವಿಯವರು ಬಂದುಹೋದ ವರ್ಷದ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ನಾಲ್ಕು ದಿನದ ಆಟ. ಚಾಂಪಿಯನ್ನರು ವರ್ಷವಿಡೀ ಸೊಂಟನೋವಿನಲ್ಲಿ ಒದ್ದಾಡಿ ಬಹಳ ಹಿಂದೆ ಬಿದ್ದಿದ್ದರು. ಇಲ್ಲಿ ಮೊದಲ ಹತ್ತು ಜನರೊಳಗೆ ಬಂದರೆ ಮುಂದಿನ ವರ್ಷ ಆಡುವ ಹಕ್ಕು ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅವರಿಗೂ ಹೂವಿನ ಹಾರ ಹಾಕಿ ಕಳಿಸಿಬಿಡುತ್ತಾರಲ್ಲ ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ.

ಮೊದಲ ದಿನ ಅವರ ಆಟ ಹಾಳಾಯಿತು. ಎಪ್ಪತ್ತೆರಡು ಹೊಡೆತಕ್ಕೆ ಮುಗಿಸಬೇಕಾದದ್ದು ಎಪ್ಪತ್ತೇಳಾಯಿತು. ದೊಡ್ಡ ಬೋರ್ಡಿನಲ್ಲಿ ಎಲ್ಲರಿಗಿಂತ ದೊಡ್ಡ ಸಂಖ್ಯೆ ಅವರದೇ. ಅವರು ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ದೂರದಲ್ಲಿ ನಿಂತಿದ್ದೆ.

ಆಗ ಕೇಳಿಸಿತು ಹಲಗೆ ಬಾರಿಸುವ ಸದ್ದು. ದೊಡ್ಡಕ್ಕನ ಗುಂಪು ತಟ್ಟೆಯಲ್ಲಿ ತೆಂಗಿನಕಾಯಿ, ಹಾರ, ಶೇಂಗಾ ಹೋಳಿಗೆ ಹಿಡಿದುಕೊಂಡು ಕುಣಿಯುತ್ತಾ ಬಂತು. ನಾನು ಅಡ್ಡ ಹೋಗುವಷ್ಟರಲ್ಲಿ ದೊಡ್ಡಕ್ಕ ಚಾಂಪಿಯನ್ನರ ಕೊರಳಿಗೆ ಹಾರ ಹಾಕಿ, ಹಣೆಗೆ ಅರಿಸಿನದ ಭಂಡಾರ ಬಳಿದಾಗಿತ್ತು.

"ಫಲಿಸ್ತ್ರೀ ಸಾಹೇಬ್ರ! ನಮ್ಮ ಬೇವಿನ ಗಿಡದ ಅವ್ವಗ ಬೇಡಿಕೊಂಡಿದ್ವಿ. ನಮ್ಮ ಸಾಹೇಬ್ರ ಕೈಲೆ ಎಲ್ಲಾರಕಿಂತ ಜಾಸ್ತಿ ಹೊಡಸವ್ವಾ ಅಂತ. ಬೋರ್ಡ್ ನೋಡ್ರಿ, ಅಷ್ಟು ಮಂದ್ಯಾಗ ನಿಮ್ದ ಜಾಸ್ತಿ!"

ಬೇವಿನ ಮರದ ಕೆಳಗೆ ಒಂದು ಬಿಡಿ ಕಲ್ಲಿತ್ತು. ಊರು ಬಿಟ್ಟು ಬಂದ ಆ ಹೆಣ್ಣುಮಕ್ಕಳು ಅದಕ್ಕೆ ಭಂಡಾರ ಹಚ್ಚಿ ತಮ್ಮ ಅವ್ವನನ್ನಾಗಿ ಮಾಡಿಕೊಂಡಿದ್ದರು. ಟಿವಿಯಲ್ಲಿ ಕ್ರಿಕೆಟ್ ನೋಡಿ ನೋಡಿ, ಆಟ ಅಂದಮೇಲೆ ಜಾಸ್ತಿಯವನೇ ಗೆದ್ದವನು ಅಂತ ನಂಬಿದ್ದರು. ಇಷ್ಟು ವರ್ಷ ಹುಲ್ಲು ಕಿತ್ತರೂ ಈ ಆಟದಲ್ಲಿ ಲೆಕ್ಕ ಉಲ್ಟಾ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದು ನನ್ನ ಹೆಂಡತಿಗೆ ಮಾತ್ರ.

ನನಗೆ ಸಿಟ್ಟು ನೆತ್ತಿಗೇರಿತು. "ಅಯ್ಯೋ ಪುಣ್ಯಾತ್ಗಿತ್ತಿ! ಇದ್ರಲ್ಲಿ ಕಡಿಮೆ ಹೊಡೆದವರು ಕಣಮ್ಮಾ ಗೆಲ್ಲೋದು! ನೀನು ಬೇಡ್ಕೊಂಡು ಬೇಡ್ಕೊಂಡು ಅವರನ್ನ ಮುಳುಗಿಸ್ಬಿಟ್ಯಲ್ಲ!"

ಹಲಗೆ ನಿಂತಿತು. ದೊಡ್ಡಕ್ಕನ ಮುಖ ಬಿಳುಚಿಕೊಂಡಿತು. ಆಗ ಒಂದು ವಿಚಿತ್ರ ಸದ್ದು. ಚಾಂಪಿಯನ್ನರು ನಗುತ್ತಿದ್ದರು. ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

"ಬೈಬೇಡಿ ಸಾರ್. ಬೆಳಗ್ಗಿಂದ ನನಗೆ ಏನಾಗಿದೆ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗಿತ್ತು. ಈಗ ಗೊತ್ತಾಯ್ತಲ್ಲ, ತಪ್ಪು ನಂದಲ್ಲ!" ಅಂತ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು.

ದೊಡ್ಡಕ್ಕ ಸುಧಾರಿಸಿಕೊಂಡಳು. "ಅವ್ವ ಕೊಟ್ಟಿದ್ದನ್ನ ಬ್ಯಾಡ ಅನ್ನಾಕ ಬರೂದಿಲ್ಲ. ಮೊದ್ಲು ಈ ಹರಕಿ ತೀರಸ್ತೀವಿ. ಆಮ್ಯಾಲ ಕಡಿಮಿ ಮಾಡವ್ವಾ ಅಂತ ಹೊಸಾದು ಹೊರ್ತೀವಿ. ಆದ್ರ ಹೊಸಾದಕ್ಕ ದೊಡ್ಡದೇನರ ಕೊಡಬೇಕಾಗ್ತೈತಿ."

"ಏನ್ ಬೇಕಾದ್ರೂ ಕೊಡ್ತೀನಿ ಅಂತ ಹೇಳಮ್ಮಾ! ಮೊದ್ಲು ಕಡಿಮೆ ಮಾಡ್ಸು!" ಅಂತ ನಾನು ಕೂಗಿದೆ. ಈ ಮಾತು ನನ್ನ ಬಾಯಿಂದ ಬಂದಿದ್ದು ಹೌದು. ಸಾಕ್ಷಿಗೆ ಭಟ್ಟರು ಇದ್ದರು.

ಮಾರನೇ ದಿನದಿಂದ ಚಾಂಪಿಯನ್ನರ ಆಟವೇ ಬೇರೆ. ಎರಡನೇ ದಿನ ಚೇತರಿಸಿಕೊಂಡರು, ಮೂರನೇ ದಿನ ಮೇಲೆ ಬಂದರು. ಕೊನೆಯ ದಿನ ಕೊನೆಯ ಗುಂಡಿಗೆ ಬರುವಾಗ ಸರಿಯಾಗಿ ಹತ್ತನೆಯವರಾಗಿದ್ದರು. ಆ ಗುಂಡಿಯನ್ನು ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಬಚಾವು, ಐದಾದರೆ ಮನೆಗೆ.

ಮೊದಲ ಹೊಡೆತಕ್ಕೇ ಸೊಂಟ ಕೈಕೊಟ್ಟಿತು. ಚೆಂಡು ಕಾಂಪೌಂಡಿನ ಪೊದೆಗಳ ಕಡೆ ಹಾರಿ ಕಾಣೆಯಾಯಿತು. ಐದು ನಿಮಿಷದ ಗಡಿಯಾರ ಶುರುವಾಯಿತು. ಆ ಪೊದೆಗಳನ್ನು ನನಗಿಂತ ಚೆನ್ನಾಗಿ ತಪಾಸಣೆ ಮಾಡಿದವರು ಈ ಭೂಮಿಯ ಮೇಲೆ ಇಲ್ಲ, ಆದರೂ ನನಗೆ ಚೆಂಡು ಸಿಗಲಿಲ್ಲ. ಅಷ್ಟರಲ್ಲಿ ದೊಡ್ಡಕ್ಕನ ಕೂಗು. "ಇಲ್ಲೈತ್ರೀ! ಅವ್ವನ ಹಿಡದಾಳ!"

ಚೆಂಡು ಬೇವಿನ ಮರದ ಕೆಳಗೆ ಆ ಕಲ್ಲಿಗೆ ಆತುಕೊಂಡು ಕೂತಿತ್ತು. ನಾವು ತಲುಪುವಷ್ಟರಲ್ಲಿ ಭಂಡಾರ ಹಚ್ಚಿಸಿಕೊಂಡು ಹಳದಿಯಾಗಿತ್ತು. ದೊಡ್ಡಕ್ಕ ಅದನ್ನು ಮುಟ್ಟಿರಲಿಲ್ಲ, ಮೇಲಿನಿಂದ ಚಿಟಿಕೆ ಚಿಟಿಕೆ ಉದುರಿಸಿದ್ದಳು. ರೆಫರಿ ನಿಯಮದ ಪುಸ್ತಕ ತೆಗೆದು ಹಾಳೆ ಮಗುಚಿದರು. ಅವರ ಪುಸ್ತಕದಲ್ಲಿ ಮಳೆ, ಮರಳು, ಹಾವಿನ ಬಗ್ಗೆಯೆಲ್ಲ ಇತ್ತು, ಭಂಡಾರದ ಬಗ್ಗೆ ಇರಲಿಲ್ಲ. ಕೊನೆಗೆ, "ಚೆಂಡು ನಿಮ್ಮದೇ, ಆಡಿ. ಈ ಕಲ್ಲು ನೆಲಕ್ಕೆ ಕಚ್ಚಿಕೊಂಡಿಲ್ಲ. ನಿಯಮದ ಪ್ರಕಾರ ಇದನ್ನ ಪಕ್ಕಕ್ಕೆ ಸರಿಸಬಹುದು" ಅಂದರು.

ಕಲ್ಲು ಸರಿಸಿದರೆ ಹೊಡೆತ ಸಲೀಸು. ಸರಿಸದಿದ್ದರೆ ಕೋಲು ಬೀಸುವುದಕ್ಕೇ ಜಾಗವಿಲ್ಲ. ಹೆಣ್ಣುಮಕ್ಕಳು ಕಲ್ಲನ್ನೊಮ್ಮೆ, ಚಾಂಪಿಯನ್ನರನ್ನೊಮ್ಮೆ ನೋಡುತ್ತಿದ್ದರು. ದೊಡ್ಡಕ್ಕನೇ ಮೆಲ್ಲಗೆ ಅಂದಳು: "ಸರಸ್ರೀ ಸಾಹೇಬ್ರ. ಅವ್ವ ಏನೂ ಅಂದ್ಕೊಳ್ಳೂದಿಲ್ಲ."

ಚಾಂಪಿಯನ್ನರು ತಲೆ ಅಲ್ಲಾಡಿಸಿದರು. "ನಾಲ್ಕು ದಿನದಿಂದ ನನಗೋಸ್ಕರ ಕೂತಿರೋರನ್ನ ಎಬ್ಬಿಸೋಕಾಗುತ್ತಾ ಅಕ್ಕಾ?" ಅಂತ ಹೇಳಿ, ಕೂತು ಶೂ ಬಿಚ್ಚಿದರು. ದೇವರ ಮುಂದೆ ಅಡಿಯಲ್ಲಿ ಮೊಳೆಗಳಿರುವ ಶೂ ಹಾಕಿ ನಿಲ್ಲುವುದು ಹೇಗೆ ಅಂತ! ಬರಿಗಾಲಲ್ಲಿ ಉಲ್ಟಾ ನಿಂತು, ಎಡಗೈಯವರ ಹಾಗೆ, ಕೋಲಿನ ಬೆನ್ನಿನಿಂದ ಮೆಲ್ಲಗೆ ತಟ್ಟಿದರು. ಚೆಂಡು ಹಳದಿ ಪುಡಿ ಉದುರಿಸುತ್ತಾ ಕುಪ್ಪಳಿಸಿ ಹುಲ್ಲಿಗೆ ಬಂತು. ಕಪ್ ಗೆದ್ದವರನ್ನು ನಾನು ಬಹಳ ನೋಡಿದ್ದೇನೆ. ಸೋಲುವ ಅಂಚಿನಲ್ಲಿ ನಿಂತು ಇನ್ನೊಬ್ಬರ ದೇವರಿಗೆ ಜಾಗ ಬಿಟ್ಟವರನ್ನು ಅದೊಂದು ಸಲ ನೋಡಿದೆ. ಟಿವಿ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಅವಳೇ ಇರಲಿಲ್ಲ.

ಮೂರನೇ ಹೊಡೆತ ಗುಂಡಿಯ ಹತ್ತಿರಕ್ಕೆ ಬಂತು. ಅಲ್ಲಿ ಚೆಂಡು ಒರೆಸಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಅವರು ಒರೆಸಲಿಲ್ಲ. ನಾಲ್ಕನೆಯದಕ್ಕೆ ಹಳದಿ ಚೆಂಡು ಉರುಳಿಕೊಂಡು ಹೋಗಿ, ಅಂಚಿನಲ್ಲಿ ಒಂದು ಗಳಿಗೆ ಯೋಚಿಸಿ, ಒಳಗೆ ಬಿತ್ತು. ಹತ್ತನೆಯ ಸ್ಥಾನ! ಭಟ್ಟರು ಸೌಟು ಎಸೆದರು. ಮೊದಲನೆಯ ಸ್ಥಾನ ಬಂದವರು ಯಾರು ಅಂತ ನಮ್ಮಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.

ಗಲಾಟೆ ಇಳಿದ ಮೇಲೆ ದೊಡ್ಡಕ್ಕ ನನ್ನ ಹತ್ತಿರ ಬಂದಳು. "ಸೂಪರ್‌ವೈಸರ್ರ, ನಾಳೆ ಹರಕಿ ತೀರಸಬೇಕ್ರೀ."

"ಆಗ್ಲಿ ಬಿಡಮ್ಮಾ. ಏನಂತ ಹೊತ್ತಿದ್ದೆ?"

"ಏನ್ ಬೇಕಾದ್ರೂ ಕೊಡ್ತೀನಿ ಅಂದಿದ್ರೆಲ್ಲ? ಗಂಡಸರು ಮುಡಿ ಕೊಡೂದು ಪದ್ಧತಿ. ನಿಮ್ಮ ತೆಲಿ ಮ್ಯಾಲ ನೋಡಿದೆ, ಕೊಡಾಕ ಏನೂ ಇರಲಿಲ್ಲ. ಅದಕ್ಕ ಮೀಸಿ ಹೇಳೀನಿ."

ನಾನು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡೆ. ಅರ್ಧ ಮೀಸೆ ಆಗುತ್ತದಾ ಅಂತ ಕೇಳಿದೆ, ಅವ್ವ ಚೌಕಾಸಿಗೆ ಒಪ್ಪುವವಳಲ್ಲವಂತೆ. ಬೆಳಗ್ಗೆ ಬೇವಿನ ಮರದ ಕೆಳಗೆ ಹಳ್ಳಿಯ ಕ್ಷೌರಿಕ ಕತ್ತಿ ಮಸೆಯುತ್ತಾ ಕೂತಿದ್ದ. ಬಲಿಪಶುವಿನ ಹಾಗೆ ನಾನು ಹೋದರೆ, ಆಗಲೇ ಇನ್ನೊಬ್ಬರು ಹೆಗಲಿಗೆ ಟವೆಲು ಹಾಕಿಕೊಂಡು ಕೂತಿದ್ದಾರೆ. ಚಾಂಪಿಯನ್ನರು!

"ನೀವ್ಯಾಕೆ ಸಾರ್?" ಅಂದೆ.

"ಆಡಿದ್ದು ನಾನು, ಹರಕೆ ತೀರ್ಸೋದು ನೀವೊಬ್ರೇನಾ? ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ" ಅಂತ ದಟ್ಟ ಕೂದಲಿನ ತಲೆಯನ್ನು ಕತ್ತಿಗೆ ಒಡ್ಡಿದರು. ಅವರ ತಲೆಗೂದಲು, ನನ್ನ ಮೀಸೆ, ಎರಡೂ ಒಂದೇ ಎಲೆಯ ಮೇಲೆ ಬಿದ್ದವು. ಅದಕ್ಕಿಂತ ದೊಡ್ಡ ಕಪ್ ನನಗೆ ಬೇಕಾಗಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಡ್ಯೂಟಿಗೆ ಹೋದೆ. ಗೇಟಿನಲ್ಲಿ ನಮ್ಮ ಸೆಕ್ಯೂರಿಟಿ ಲಾಠಿ ಅಡ್ಡ ಹಿಡಿದ.

"ಯಾರ್ರೀ ನೀವು? ಬ್ಯಾಗ್ ತೆಗೀರಿ."

"ಲೋ, ನಾನು ಕಣೋ!"

"ಎಲ್ಲಾರೂ ಅಂಗೇ ಏಳೋದು. ಮೀಸೆ ಇರೋ ಸೂಪರ್‌ವೈಸರ್ ಸಾರು ಏಳವ್ರೆ, ಯಾರನ್ನೂ ಬಿಡ್ಬೇಡ ಅಂತ. ಮೊದ್ಲು ಬ್ಯಾಗು."

ನಾನೇ ಕಲಿಸಿದ ಪಾಠ, ಏನು ಹೇಳಲಿ! ಬ್ಯಾಗ್ ಬಿಚ್ಚಿ ಊಟದ ಡಬ್ಬಿ ಹೊರಗಿಟ್ಟೆ. ಅವನು ಡಬ್ಬಿಯನ್ನೂ ತೆಗೆಸಿದ. ಅಷ್ಟರಲ್ಲಿ ಹಿಂದಿನಿಂದ ಜಿಪ್ಪು ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಇನ್ನೊಂದು ಬೋಳುತಲೆ ಆಳುದ್ದದ ಬ್ಯಾಗನ್ನು ನೆಲಕ್ಕಿಟ್ಟು, ಬಿಚ್ಚಿಕೊಂಡು, ಸರದಿಯಲ್ಲಿ ನಿಂತಿತ್ತು.

"ಬೇಗ ಚೆಕ್ ಮಾಡ್ಬಿಡಪ್ಪಾ. ಇವರಿಗೆ ಡ್ಯೂಟಿ ಇದೆ. ನನಗೆ ಮುಂದಿನ ವರ್ಷಾನೂ ಆಟ ಇದೆ."